ಹೊರಗೆ ಹೋದವರ ಕಾರ್ಡು

…ಅಲ್ಲ ಬಾಬು, ಆ ಮೂಲೆ ಅಲ್ಲ. ಈ ಕಡೆ. ಈ ಸಿಗಡಿ ಡಬ್ಬಗಳ ಸಾಲು ಇದೆಯಲ್ಲ, ಅದಕ್ಕೂ ಬಾಗಿಲಿಗೂ ನಡುವೆ. ಇಲ್ಲೇ ಮಲಗಿದ್ದಳು. ಮಲಗಿದ್ದಳು ಅಂದರೆ… ಬಿದ್ದಿದ್ದಳು. ಮೊಣಕಾಲು ಹೊಟ್ಟೆಗೆ ಸೇರಿಸಿಕೊಂಡಿದ್ದಳು.

ಕೋಟಿನ ಗುಂಡಿ ಹಾಕ್ಕೊಳ್ಳಿ. ಮೇಲಿನದೂ ಹಾಕಿ. ಬಾಗಿಲು ಮುಚ್ಚಿದ ಮೇಲೆ ಈ ಐಸು ಕೋಣೆಯ ಚಳಿ ಬೇರೆ ಥರ ಕಚ್ಚುತ್ತೆ. ನನಗಾ? ಬೇಡ. ಇದ್ದದ್ದು ಒಂದೇ ಕೋಟು, ನಿಮಗೆ ಕೊಟ್ಟೆ. ಮೀಸೆ ಬರೋಕೆ ಮುಂಚಿಂದ ಐಸು ಹೊತ್ತ ಮೈ ಇದು.

ಯಾಕೆ ನಗ್ತೀರಿ? ಇಲ್ಲ, ನಕ್ಕಿರಿ. ಉಸಿರು ಬೆಳ್ಳಗೆ ಬಂತು, ನೋಡಿದೆ. ‘ಈ ಲೋವರಾಜು ಒಬ್ಬ, ಒಂದು ಹೆಬ್ಬೆಟ್ಟು ಒತ್ತೋಕೆ ನನ್ನನ್ನ ಫ್ರಿಜ್ಜಿನೊಳಗೆ ಕೂರಿಸಿದ’ ಅಂತ ತಾನೆ?

ಒತ್ತುತ್ತೀನಿ ಬಾಬು. ನಾಳೆ ವಿಚಾರಣೆ ಸಾಹೇಬರು ಬಂದಾಗ ನೀವು ಹೇಳಿಕೊಟ್ಟ ಹಾಗೇ ಹೇಳ್ತೀನಿ. ‘ನನ್ನ ಹೆಂಡತಿ ನೂಕರತ್ನಂ ಆರು ಗಂಟೆಗೆ ಕೆಲಸ ಮುಗಿಸಿ ಹೊರಗೆ ಬಂದಳು. ಊಟದ ಡಬ್ಬಿ ಮರೆತಿದ್ದಳು. ಯಾರಿಗೂ ಹೇಳದೆ ಮತ್ತೆ ಒಳಗೆ ಹೋದಳು.’ ಸರಿ ಇದೆಯಾ? ಎಲ್ಲೂ ತಪ್ಪಿಲ್ಲವಲ್ಲ?

ಡಬ್ಬಿ… ಅವಳು ಡಬ್ಬಿ ತರ್ತಾನೇ ಇರಲಿಲ್ಲ ಬಾಬು. ಬೆಳಗ್ಗೆ ತಂಗಳನ್ನಕ್ಕೆ ಈರುಳ್ಳಿ ಕಚ್ಚಿಕೊಂಡು ತಿಂದು ಬಂದರೆ ಮತ್ತೆ ಮನೆಗೆ ಬಂದೇ ಊಟ. ಇರಲಿ. ಡಬ್ಬಿ ಅಂತಲೇ ಹೇಳ್ತೀನಿ. ಅದಕ್ಕೆ ಮುಂಚೆ ಜಾಗ ಒಂದು ಸಲ ನೋಡಬೇಕು ಅಂದೆ. ನೀವು ಬಂದಿರಿ. ಭಾನುವಾರ ಮಧ್ಯಾಹ್ನ, ಕಾರ್ಖಾನೆಗೆ ರಜ, ಮನೇಲಿ ಕೋಳಿ ಸಾರು ಕಾಯ್ತಿದೆ. ಅಂಥಾದ್ದರಲ್ಲಿ ಚಕ್ರಪಾಣಿ ಬಾಬು ಅಂಥ ಮ್ಯಾನೇಜರು ಐಸು ಹೊರೋನ ಮಾತು ಕೇಳಿ ಬಂದಿರಿ. ಅದೇ ದೊಡ್ಡದು.

ಸ್ವಲ್ಪ ಹೊತ್ತು. ಕೂತ್ಕೊಳ್ಳಿ. ನೆಲದ ಮೇಲಲ್ಲ, ಈ ಡಬ್ಬದ ಮೇಲೆ.

ನೀವು ಬರೋಕೆ ಮುಂಚೆ ಇಲ್ಲಿ ಹಾಜರಿ ಯಂತ್ರ ಇರಲಿಲ್ಲ. ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು, ಗಮ್‌ಬೂಟು ಹಾಕ್ಕೊಂಡು ಒಳಗೆ ಬರೋರು. ಸಂಜೆ ಗೇಟಿನ ಮುದುಕ ಸೋಮುಲು ಚಪ್ಪಲಿ ನೋಡೋನು. ಒಂದು ಜೊತೆ ಉಳಿದಿದ್ದರೂ ಬೀಗ ಹಾಕ್ತಿರಲಿಲ್ಲ. ‘ಯಾವಳೇ ಅವಳು, ಸಿಗಡಿಗೆ ಕಥೆ ಹೇಳ್ತಾ ಕೂತಿರೋಳು? ನನ್ನ ಹೆಂಡತಿ ಅಲ್ಲಿ ಸಾರು ಆರಿಸ್ಕೊಂಡು ಕೂತಿದ್ದಾಳೆ, ಬಾರೇ’ ಅಂತ ಕೂಗೋನು. ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ ಅವನಿಗೆ. ಆದರೂ ಯಾರ ಚಪ್ಪಲಿ ಯಾವುದು ಅಂತ ಗೊತ್ತಿತ್ತು.

ಹೌದು ಹೌದು, ಹಳೇ ಕಾಲದ ಕೆಲಸ. ನಾನೇನೂ ಯಂತ್ರ ಬೇಡ ಅನ್ನಲಿಲ್ಲ. ನೀವು ಬೆರಳು ಒತ್ತೋ ಯಂತ್ರ ತಂದಿರಿ. ಸಿಗಡಿ ಸುಲಿಯೋ ಕೈ ಬಾಬು. ಐಸು, ಚಿಪ್ಪು, ಉಪ್ಪುನೀರು. ಬೆರಳಿನ ಗೆರೆಯೆಲ್ಲ ಸವೆದು ಹೋಗಿತ್ತು. ಯಂತ್ರಕ್ಕೆ ಒಬ್ಬಳ ಗುರುತೂ ಹತ್ತಲಿಲ್ಲ. ರತ್ನ ಮನೆಗೆ ಬಂದು ನನಗೆ ಬೆರಳು ತೋರಿಸಿ, ‘ಮಾವ, ನಾನು ಯಾರೂ ಅಲ್ಲವಂತೆ’ ಅಂದಳು. ಹೇಳಿ ನಕ್ಕಳು. ನಾನೂ ನಕ್ಕೆ.

ಆಮೇಲೆ ಈ ಕಾರ್ಡು. ಬಾಗಿಲಿಗೊಂದು ಕಣ್ಣು. ಕಾರ್ಡು ತೋರಿಸಿದರೆ ಹಸಿರು ದೀಪ, ಬಾಗಿಲು ತೆರೆಯುತ್ತೆ. ‘ಹೊರಗೆ’ ಅಂತ ಒತ್ತಿದ ಕಾರ್ಡು ಇದ್ದರೆ ಒಳಗಿನ ಯಾವ ಬಾಗಿಲೂ ತೆರೆಯೋದಿಲ್ಲ, ಕೆಂಪು ದೀಪ. ಒಬ್ಬಳ ಕಾರ್ಡು ಇನ್ನೊಬ್ಬಳು ಒತ್ತುತ್ತಾಳೆ ಅಂತ ನೀವೇ ಹಾಗೆ ಮಾಡಿಸಿದ್ದು. ಆವತ್ತು ಎಲ್ಲರಿಗೂ ಕಾಜಾ ಮಿಠಾಯಿ ಹಂಚಿದಿರಿ. ‘ಇನ್ನು ಮೇಲೆ ಯಾರು ಎಲ್ಲಿದ್ದಾರೆ ಅಂತ ನನಗೆ ಕೂತಲ್ಲೇ ಗೊತ್ತಾಗುತ್ತೆ’ ಅಂದಿರಿ. ಕಾಜಾ ಚೆನ್ನಾಗಿತ್ತು. ಪಾಕ ಒಳಗೇ ಉಳಿದಿತ್ತು.

ಕೈ ಉಜ್ಜಿಕೊಳ್ಳಿ. ಹಾಗೆ.

ಆರು ಗಂಟೆ ವಿಷಯ ನಾನು ಸಾಹೇಬರಿಗೆ ಹೇಳೋದಿಲ್ಲ ಬಿಡಿ. ಪರದೇಶದವರು ಸರಕು ಕೊಳ್ಳೋಕೆ ಮುಂಚೆ ಕಂಪ್ಯೂಟರಿನಲ್ಲಿ ಕೆಲಸದ ಹೊತ್ತು ನೋಡ್ತಾರೆ. ಆರರ ಮೇಲೆ ಹೆಂಗಸರು ಇರಬಾರದು. ದೋಣಿ ತಡವಾಗಿ ಬಂದರೆ ಸಿಗಡಿ ಆರು ಗಂಟೆಗೆ ಮುಗಿಯುತ್ತಾ? ಅದಕ್ಕೇ ಸೂಪರ್‌ವೈಸರು ಬುಟ್ಟಿ ತರೋನು, ಎಲ್ಲರ ಕಾರ್ಡೂ ಹಾಕಿಸಿಕೊಳ್ಳೋನು, ಒಂದೊಂದಾಗಿ ‘ಹೊರಗೆ’ ಅಂತ ಒತ್ತಿ ವಾಪಸು ಕೊಡೋನು. ಕಂಪ್ಯೂಟರಿನಲ್ಲಿ ಎಲ್ಲರೂ ಮನೆಗೆ ಹೋದರು. ಇಲ್ಲಿ ಎಲ್ಲರೂ ಸಿಗಡಿ ಸುಲಿತಾ ಇದ್ದರು. ಬಾಗಿಲು ತೆಗೀಬೇಕಾದರೆ ಸೂಪರ್‌ವೈಸರ ಕಾರ್ಡು. ‘ಅಣ್ಣಾ, ಉಚ್ಚೆಗೆ ಬಾಗಿಲು’ ಅಂತ ಕೇಳಬೇಕಿತ್ತು. ‘ನೀನು ಆಗಲೇ ಮನೇಲಿದೀಯಲ್ಲೇ, ಅಲ್ಲೇ ಹೋಗು’ ಅಂತ ಅವನು ತಮಾಷೆ ಮಾಡೋನು. ರತ್ನ ಇದನ್ನೂ ಬಂದು ಹೇಳಿ ನಕ್ಕಳು. ಎಲ್ಲದಕ್ಕೂ ನಗೋಳು ಅವಳು…

ಏನು ಬಾಬು? ಗೊತ್ತು, ನಿಮ್ಮೊಬ್ಬರ ಕಾರ್ಖಾನೆ ಅಲ್ಲ. ಎಲ್ಲ ಕಡೆ ಹೀಗೇ. ಆಯ್ತು.

ಆವತ್ತು ಆರು ಗಂಟೆ ಆದಮೇಲೆ ಐಸು ಯಂತ್ರದ ಅಮೋನಿಯಾ ಪೈಪು ಒಡೀತು. ಗ್ಯಾಸು ಬಂತು. ಹೆಂಗಸರು ಸಿಗಡಿ ಸುಲಿಯೋ ಕೋಣೆಯಲ್ಲಿದ್ದರು, ಸೂಪರ್‌ವೈಸರ ಹಿಂದೆ ಹಿಂಡಾಗಿ ಓಡಿದರು. ರತ್ನ ಇಲ್ಲಿದ್ದಳು, ಸೂಪರ್‌ವೈಸರ ಕಾರ್ಡಿನಲ್ಲಿ ಬಾಗಿಲು ತೆಗೆಸಿ ಟ್ರೇ ಇಡೋಕೆ ಬಂದಿದ್ದಳು. ಬಾಗಿಲು ಮುಚ್ಚಿಕೊಂಡಿತು. ಕಾರ್ಡು ತೋರಿಸಿದಳು. ಕೆಂಪು. ಮತ್ತೆ ತೋರಿಸಿದಳು. ಕೆಂಪು. ಎಷ್ಟು ಸಲ ತೋರಿಸಿದಳು ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಿರಬೇಕು. ನನಗೆ ಹೇಳಬೇಡಿ. ಬೇಡ.

ಹೊರಗೆ ಅಗ್ನಿಶಾಮಕದವರು ಬಂದು ನಿಂತಿದ್ದರು. ‘ಒಳಗೆ ಯಾರಾದರೂ ಇದ್ದಾರಾ?’ ಅಂತ ನಿಮ್ಮನ್ನೇ ಕೇಳಿದರು. ಹೆಂಗಸರು ಅಳ್ತಾ ಇದ್ದರು, ‘ರತ್ನಂ ಚಪ್ಪಲಿ ಇಲ್ಲೇ ಇದೆ ಬಾಬು, ಅವಳು ಬಂದಿಲ್ಲ’ ಅಂತ. ನೀವು ಕಂಪ್ಯೂಟರಿನ ಪರದೆ ನೋಡಿದಿರಿ. ‘ಎಲ್ಲರೂ ಹೋಗಿದ್ದಾರೆ. ಚಪ್ಪಲಿ ಯಾರು ಬೇಕಾದರೂ ಬಿಡಬಹುದು’ ಅಂದಿರಿ. ಅವರು ಒಳಗೆ ಹೋಗಲಿಲ್ಲ. ಯಾಕೆ ಹೋಗ್ತಾರೆ? ಅವರಿಗೂ ಹೆಂಡತಿ ಮಕ್ಕಳಿದ್ದಾರೆ.

ತಲೆ ಅಲ್ಲಾಡಿಸಬೇಡಿ. ನೀವು ಹೇಳಿದ್ದು ಸುಳ್ಳು ಅಂತ ನಾನು ಅನ್ನಲಿಲ್ಲ. ಪರದೆ ನೋಡಿ ಹೇಳಿದಿರಿ. ಆದರೆ ಆರು ಗಂಟೆಗೆ ಒತ್ತಿಸಿದ್ದೂ ನೀವೇ ಅಲ್ಲವಾ. ಒತ್ತಿಸಿದವರೇ ಅದನ್ನ ನಂಬಿದಿರಿ. ಅದೊಂದು ನನಗೆ ಇವತ್ತಿಗೂ ಅರ್ಥ ಆಗೋದಿಲ್ಲ.

ನಾನು ದೋಣಿ ಕಟ್ಟೋ ಧಕ್ಕೆಯಲ್ಲಿದ್ದೆ, ದೋಣಿಗೆ ಐಸು ತುಂಬಿಸ್ತಾ. ಸುದ್ದಿ ತಿಳಿದು ಓಡಿ ಬಂದೆ. ಗೇಟಿನವನು ಪರದೆ ನೋಡಿ, ‘ನಿನ್ನ ಹೆಂಡತಿ ಆಗಲೇ ಹೋದಳು, ಹೋಗೋ’ ಅಂದ. ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಮನೆಗೆ ಹೋದೆ. ಇಲ್ಲ. ನಾದಿನಿ ಮನೆಗೆ ಹೋದೆ. ಇಲ್ಲ. ಉಪ್ಪಾಡದ ಕಡಲ ದಂಡೆಯೆಲ್ಲ ಹುಡುಕಿದೆ. ಟೀ ಅಂಗಡಿಯವರು, ‘ಏನೋ ಲೋವರಾಜು, ನಿನ್ನ ಹೆಂಡತಿ ಬೇರೆ ದೋಣಿ ಹತ್ತಿದಳೇನೋ’ ಅಂದರು. ಅವರಿಗೆ ತಮಾಷೆ. ನನಗೆ ಕೋಪ ಬಂತು. ಅವರ ಮೇಲಲ್ಲ, ಅವಳ ಮೇಲೆ. ಬರಲಿ, ಹೇಳ್ತೀನಿ ಅಂತ ಹೊಸ್ತಿಲ ಮೇಲೆ ಕೂತೆ. ಊರೆಲ್ಲ ಹುಡುಕಿದೆ ಬಾಬು. ಇಲ್ಲಿ ಮಾತ್ರ ಹುಡುಕಲಿಲ್ಲ. ಇಲ್ಲಿಂದ ಹೋದಳು ಅಂತ ಯಂತ್ರ ಹೇಳಿತ್ತಲ್ಲ.

ಬೆಳಗ್ಗೆ ಗ್ಯಾಸು ಕರಗಿದ ಮೇಲೆ ಸಿಕ್ಕಿದಳು.

…ಎದ್ದಿರಾ? ಸರಿ. ಸಾಕು, ಹೊರಡೋಣ ಅಂತೀರಿ. ಹೊರಡಿ. ಕಾರ್ಡು ಕೋಟಿನ ಜೇಬಿನಲ್ಲೇ ಇದೆ, ತೋರಿಸಿ.

ಕೆಂಪು.

ಒರೆಸಿ ತೋರಿಸಿ. ಕೆಲವು ಸಲ ಮಂಜು ಕೂತಿರುತ್ತೆ… ಇಲ್ಲ ಅಲ್ಲವಾ. ಪಕ್ಕದಲ್ಲಿ ಗುಬುಟು ಇದೆ ನೋಡಿ, ಅಪಾಯ ಬಂದಾಗ ಒತ್ತೋದು. ಒತ್ತಿ. ಹೊಸ ಬಣ್ಣ, ನಾಳೆ ಸಾಹೇಬರಿಗೆ ತೋರಿಸೋಕೆ ಹೊಡೆಸಿದ್ದು. ಕೈಗೆ ಬಣ್ಣ ಹತ್ತುತ್ತೆ, ಬಾಗಿಲು ತೆರೆಯೋದಿಲ್ಲ. ಅದು ಕೆಟ್ಟು ಒಂದು ಮಳೆಗಾಲ ಆಯ್ತು. ಕಂಪ್ಯೂಟರಿನಲ್ಲಿ ರಿಪೇರಿ ಆಗಿದೆ.

ನನ್ನ ಮುಖ ಯಾಕೆ ನೋಡ್ತೀರಿ? ಹೂಂ, ನಾನೇ. ನೀವು ಉಡುಪು ಬದಲಾಯಿಸೋ ಕೋಣೆಯಲ್ಲಿ ಮೊಬೈಲು, ಉಂಗುರ, ಕಾರ್ಡು ಎಲ್ಲ ತಟ್ಟೆಗೆ ಹಾಕಿ ಗಮ್‌ಬೂಟಿನ ಜೊತೆ ಗುದ್ದಾಡ್ತಾ ಇದ್ದಿರಿ. ಆಗ ಒತ್ತಿದೆ. ‘ಹೊರಗೆ’ ಅಂತ. ಆಮೇಲೆ ಕಾರ್ಡು ನಿಮ್ಮ ಜೇಬಿಗೇ ಹಾಕಿದೆ. ಕದಿಯಲಿಲ್ಲ. ಈ ಬಾಗಿಲಿಗೆ ಮೊದಲೇ ಡಬ್ಬ ಅಡ್ಡ ಇಟ್ಟು ತೆರೆದಿಟ್ಟಿದ್ದೆ, ನೀವು ಒಳಗೆ ಬಂದ ಮೇಲೆ ಸರಿಸಿದೆ. ಕಂಪ್ಯೂಟರಿನಲ್ಲಿ ಚಕ್ರಪಾಣಿ ಬಾಬು ಮನೆಗೆ ಹೋಗಿ ಕೋಳಿ ಸಾರು ಉಣ್ತಾ ಇದ್ದಾರೆ.

ಬಾಗಿಲು ಒದೆಯಬೇಡಿ. ಕಾಲು ನೋಯುತ್ತೆ. ಅಷ್ಟು ದಪ್ಪದ ಬಾಗಿಲಿಂದ ಹೊರಗೆ ಏನೂ ಕೇಳಿಸೋದಿಲ್ಲ. ಕೇಳಿಸಿದ್ದರೆ ಆವತ್ತೇ…

ಹಾಗೆ ಬೈಯಿರಿ, ಪರವಾಗಿಲ್ಲ. ಬೈದರೆ ಮೈ ಬಿಸಿ ಆಗುತ್ತೆ.

ಮನೆಯವರು ಹುಡುಕಿಕೊಂಡು ಬರ್ತಾರೆ ಅಂತೀರಾ? ನಿಮ್ಮ ಮನೆಯ ಅಮ್ಮಗಾರು ಗೇಟಿಗೆ ಫೋನು ಮಾಡ್ತಾರೆ. ‘ಆಗಲೇ ಹೋದರಲ್ಲಮ್ಮ’ ಅಂತಾನೆ ಗೇಟಿನವನು. ಅವರಿಗೂ ಮೊದಲು ಸಂತೋಷ ಆಗುತ್ತೆ. ಆಮೇಲೆ ಸ್ನೇಹಿತರ ಮನೆ, ಕ್ಲಬ್ಬು, ದಾರಿ… ಎಲ್ಲ ಕಡೆ ಹುಡುಕ್ತಾರೆ. ಆಮೇಲೆ ಕೋಪ ಬರುತ್ತೆ.

ಅಷ್ಟು ಹೆದರಬೇಡಿ. ಫೋನಿದೆಯಲ್ಲ, ಗೋಡೆ ಮೇಲೆ. ಅವಳು ಹೋದ ಮೇಲೆ ಹಾಕಿಸಿದಿರಿ. ಕೆಲಸ ಮಾಡುತ್ತೆ, ನಾನೇ ಬೆಳಗ್ಗೆ ನೋಡಿದೆ. ಎತ್ತಿ. ಗೇಟಿಗೇ ಹೋಗುತ್ತೆ.

…ಏನಂತಾನೆ? ಕೇಳಿಸ್ತಾ ಇದೆ ಬಿಡಿ. ‘ಬಾಬುಗಾರು ಹೊರಗೆ ಹೋಗಿದ್ದಾರೆ, ಪರದೆಯಲ್ಲಿದೆ, ನೀವು ಯಾರು?’ ಅಂತಾನೆ. ಅವನ ತಪ್ಪಲ್ಲ. ಮೊನ್ನೆ ಶ್ರೀಕಾಕುಳದಿಂದ ಬಂದ ಹೊಸಬ, ನಿಮ್ಮ ದನಿ ಗೊತ್ತಿಲ್ಲ. ಪರದೆ ಬಿಟ್ಟು ಇನ್ನೊಬ್ಬರ ಬಾಯಿ ಮಾತು ನಂಬಿದರೆ ಕೆಲಸ ಹೋಗುತ್ತೆ ಅಂತ ನೀವೇ ಹೇಳಿದ್ದೀರಿ.

ಹೇಳಿ ಅವನಿಗೆ. ‘ಪರದೆ ತಪ್ಪು. ಹೊರಗೆ ಅಂತ ತೋರಿಸಿದರೂ ಮನುಷ್ಯ ಒಳಗೇ ಇರಬಹುದು. ನಾನು ಒಳಗಿದ್ದೀನಿ.’ ಇಷ್ಟೇ ಮಾತು. ಅವನು ಓಡಿ ಬಂದು ಬಾಗಿಲು ತೆಗೀತಾನೆ. ಆ ಫೋನಿನಲ್ಲಿ ಆಡಿದ ಮಾತೆಲ್ಲ ಕಂಪ್ಯೂಟರಿನಲ್ಲಿ ಉಳಿಯುತ್ತೆ ಅಂತ ನೀವು ಹೇಳಿದ್ದು ನೆನಪಿದೆ. ಉಳಿಯಲಿ. ನಾಳೆ ಸಾಹೇಬರು ಕೇಳಲಿ. ನನಗೆ ಬೇಕಾದ್ದು ಅದೊಂದೇ. ಅವಳು ಕಳ್ಳಿಯ ಹಾಗೆ ಹಿಂದಿನಿಂದ ನುಗ್ಗಿದವಳಲ್ಲ ಅಂತ ಒಬ್ಬರು ಹೇಳಬೇಕು. ಒಳಗೇ ಇದ್ದಳು ಅಂತ.

ಅವನು ಹಲೋ ಹಲೋ ಅಂತಿದ್ದಾನೆ, ಬಾಬು.

ಹೇಳಿ.

…ಇಟ್ಟುಬಿಟ್ಟಿರಾ.

ಕೂತುಬಿಟ್ಟಿರಿ. ಕೈ ತೋಳಿನೊಳಗೆ ಸೇರಿಸಿಕೊಂಡಿರಿ. ಆಗಿನ ಹೆದರಿಕೆ ಈಗ ಮುಖದಲ್ಲಿಲ್ಲ. ಏನೋ ಲೆಕ್ಕ ಹಾಕಿದೀರಿ. ಏನು ನೋಡ್ತಿದೀರಿ? ಮಾತಾಡಿ. ನನ್ನ ಅಂಗಿ ಜೇಬಾ?

ಓ… ಅದು.

ಕೋಟು ನಿಮ್ಮ ಮೈಮೇಲಿದೆ. ನಾನು ಬರೀ ಅಂಗಿಯಲ್ಲಿದ್ದೀನಿ. ಇವನು ಮೊದಲು ಸೋಲ್ತಾನೆ, ಇವನ ಕಾರ್ಡಿದೆ, ತಾನು ಹೋಗೋಕಾದರೂ ಬಾಗಿಲು ತೆಗೀತಾನೆ, ಅಲ್ಲಿವರೆಗೆ ಸುಮ್ಮನಿದ್ದರೆ ಆಯ್ತು. ಅದಕ್ಕೇ ಫೋನು ಇಟ್ಟಿರಿ. ಬುದ್ಧಿವಂತರು ನೀವು.

ಹೇಳಬಾರದು ಅಂತಿದ್ದೆ. ಗೊತ್ತಾದರೆ ಹೆದರಿ ಹೇಳ್ತೀರಿ, ಹೆದರಿಕೆಗೆ ಹೇಳಿದ ಮಾತು ಬೇಡ ಅಂತಿದ್ದೆ. ನಿಮ್ಮ ಕಾರ್ಡು ಒತ್ತೋಕೆ ಮುಂಚೆ ನನ್ನದು ಒತ್ತಿದೆ ಬಾಬು. ಜೇಬಿನಲ್ಲಿದೆ, ತಗೊಳ್ಳಿ, ತೋರಿಸಿ ನೋಡಿ. ನಾನೂ ಹೋಗಿದ್ದೀನಿ. ನೀವು ಹೋಗೋಕೆ ಮುಂಚೆನೇ.

ಈಗ್ಯಾಕೆ ಎದ್ದಿರಿ? ಫೋನು ಅಲ್ಲೇ ಇದೆ, ಓಡಿ ಹೋಗೋದಿಲ್ಲ. ನನ್ನನ್ನ ಅಲ್ಲಾಡಿಸಬೇಡಿ… ಬೆರಳು ಆಗಲೇ ನನ್ನವಲ್ಲ. ತುಟಿ ದಪ್ಪ ಆಗ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ನನಗೆ ಮಾತು ಬರೋದಿಲ್ಲ. ಆಮೇಲೆ ಈ ಕೋಣೆಯಲ್ಲಿ ಮಾತು ಬರೋದು ನಿಮಗೊಬ್ಬರಿಗೇ.

ಯಾವಾಗ ಹೇಳಬೇಕು… ಅನ್ನಿಸುತ್ತೋ… ಆಗ ಹೇಳಿ.