ತಪ್ಪು ಉತ್ತರದ ಜವಾಬ್ದಾರಿ

...ಇಲ್ಲಮ್ಮ, ಕುರ್ಚಿ ಬೇಡ, ಈ ಬಟ್ಟೆ ಗಂಟಿನ ಪಕ್ಕದಲ್ಲೇ ಕೂತ್ಕೋತೀನಿ. ನೀವು ಮಿಷನ್ ನಿಲ್ಲಿಸಬೇಡಿ, ಹೊಲೀತಾನೇ ಕೇಳಿ. ಆರನೇ ಕ್ಲಾಸಿಗೆ ಪಾಠ ಮಾಡೋನಿಗೆ ಸದ್ದಿನ ಮಧ್ಯೆ ಮಾತಾಡೋದು ಹೊಸದೇನಲ್ಲ. ನಾನು ಹೇಳ್ತಾ ಇದ್ದಿದ್ದು ಇಷ್ಟೇ, ನಿಮ್ಮ ಮಗಳು ಎರಡು ದಿನದಿಂದ ಸ್ಕೂಲಿಗೆ ಬಂದಿಲ್ಲ. ಮೇಷ್ಟ್ರಾದವನಿಗೆ ಕರುಳು ಚುರುಕ್ ಅನ್ನಲ್ವಾ? ಜ್ವರಾನಾ? ತಲೆ ಆಡಿಸ್ತೀರಿ... ಜ್ವರ ಇಲ್ಲ. ಸರಿ.

ನಮ್ಮ ಪಾಡು ನಿಮಗೇನು ಗೊತ್ತು ತಾಯಿ. ಹಾಜರಿ ಕೂಗೋ ಹೊತ್ತಿಗೇ ಒಬ್ಬನ ಪೆನ್ಸಿಲ್ ಮುರಿದಿರುತ್ತೆ. ಒಬ್ಬಳಿಗೆ ಬಾಯಾರಿದ್ರೆ ಇಡೀ ಸಾಲಿಗೆ ಬಾಯಾರುತ್ತೆ, ಅಂಟುರೋಗ ಅದು. ಕಿಟಕಿಯಲ್ಲಿ ಒಂದು ಬೆಕ್ಕು ಹಾದುಹೋದ್ರೆ ಆ ಪೀರಿಯಡ್ ಬೆಕ್ಕಿಗೆ ಬಿಟ್ಟಿದ್ದು. ಇದರ ನಡುವೆ ಭಿನ್ನರಾಶಿ. ಅದರ ಮೇಲೆ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಮಾದರಿ ಪಾಠ ನೋಡೋಕೆ ಬರ್ತೀನಿ ಅಂದ್ರು.

ಮಾದರಿ ಪಾಠ ಅಂದ್ರೆ, ಮಕ್ಕಳು ತಾವಾಗೇ ಕಲಿಯೋದನ್ನ ಸಾಹೇಬರು ಹಿಂದೆ ಕೂತು ನೋಡೋದು. ತಾವಾಗೇ ಕಲಿಯೋಕೆ ಮೂರು ವಾರ ತಾಲೀಮು ಬೇಕಾಯ್ತು. ಯಾರು ಏಳಬೇಕು, ಯಾರು ತಲೆ ಕೆರ್ಕೋಬೇಕು, ಯಾರು ‘ಓಹೋ’ ಅನ್ನಬೇಕು, ಎಲ್ಲ ಹಂಚಿದ್ದೆ. ಎಲ್ಲರೂ ಸರಿ ಹೇಳಿದ್ರೆ ಸಾಹೇಬರಿಗೆ ಅನುಮಾನ ಬರುತ್ತೆ ನೋಡಿ. ಅದಕ್ಕೆ ಒಬ್ಬರು ತಪ್ಪು ಹೇಳಬೇಕು, ನಾನು ನಗುನಗ್ತಾ ತಿದ್ದಬೇಕು. ಮೇಷ್ಟ್ರ ಕೈಚಳಕ ಕಾಣೋದೇ ಅಲ್ಲಿ. ಆ ತಪ್ಪು ಉತ್ತರ ನಿಮ್ಮ ಮಗಳಿಗೆ ವಹಿಸಿದ್ದೆ.

ಯಾಕೆ ನಗ್ತೀರಿ? ದೊಡ್ಡ ಜವಾಬ್ದಾರಿ ಅದು.

ಅವಳಿಗೇ ಯಾಕೆ ಅಂದ್ರೆ... ಬೇರೆ ಮಕ್ಕಳ ಅಪ್ಪಂದಿರು ಬಂದು ಜಗಳಕ್ಕೆ ನಿಲ್ತಾರೆ. ನೀವು ಪಾಪ, ಹೊಲಿಗೆ ಬಿಟ್ಟು ಸ್ಕೂಲಿನ ಕಡೆ ತಲೆ ಹಾಕಿದವರಲ್ಲ. ಒಳ್ಳೇ ಅರ್ಥದಲ್ಲೇ ಹೇಳ್ತಿದೀನಿ. ಹೊಲೀರಿ, ಹೊಲೀರಿ.

ಪ್ರಶ್ನೆ ಏನು ಮಹಾ. ಒಂದು ಕಾಗದದ ಪಟ್ಟಿ, ಅದರಲ್ಲಿ ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗವೋ? ಅವಳು ಎದ್ದು, ‘ನಾಲ್ಕನೇ ಒಂದು ಸಾರ್, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ’ ಅನ್ನಬೇಕು. ತಾಲೀಮಿನಲ್ಲಿ ದಿನಾ ಚಾಚೂ ತಪ್ಪದೆ ಹೇಳ್ತಿದ್ಲು. ಮಿಕ್ಕವರೂ ದಿನಾ ಆ ಜಾಗಕ್ಕೆ ಸರಿಯಾಗಿ ನಗ್ತಿದ್ರು. ಆವತ್ತು ಸಾಹೇಬರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದಾರೆ, ಇವಳು ಎದ್ದಳು, ಕತ್ತು ನೆಟ್ಟಗೆ ಮಾಡಿ, ‘ಮೂರನೇ ಒಂದು ಭಾಗ ದೊಡ್ಡದು ಸಾರ್’ ಅಂದುಬಿಟ್ಳು.

ಸರಿ ಉತ್ತರವೇ. ನನಗೆ ಗೊತ್ತಿಲ್ವಾ? ಆದ್ರೆ ಮೂರು ವಾರ ಪಳಗಿದ ನಾಲಿಗೆ... ‘ತಪ್ಪು, ಕೂತ್ಕೋ ಪುಟ್ಟಿ’ ಅಂತು. ನಗುನಗ್ತಾನೇ ಅಂತು. ಆಮೇಲೆ ಮೊದಲನೇ ಬೆಂಚಿನ ಪಂಡಿತ ತನ್ನ ಸರದಿಗೆ ಎದ್ದು ‘ಮೂರನೇ ಒಂದು ಭಾಗ ದೊಡ್ಡದು ಸಾರ್’ ಅಂದ. ‘ಭೇಷ್’ ಅಂದೆ.

ಅಷ್ಟೇ ಆಗಿದ್ದು. ಇಷ್ಟಕ್ಕೆ ಮನೇಲಿ ಕೂತ್ಕೋತಾರಾ? ಮಕ್ಕಳಾಟ. ನಾಳೆ ಕಳಿಸಿ.

ನಾಳೆಯೇ ಯಾಕೆ ಅಂತೀರಾ... ನೀವು ಅಂದಿಲ್ಲ, ಸರಿ. ಮಿಷನ್ ಯಾಕೆ ನಿಲ್ಲಿಸಿದ್ರಿ? ಸಾಹೇಬರು ನಾಳೆ ಇನ್ನೊಂದು ಸಲ ಬರ್ತಾರೆ. ನಿಮ್ಮ ಮಗಳನ್ನೇ ನೋಡಬೇಕಂತೆ. ಹೆಮ್ಮೆಪಡೋ ವಿಷಯ.

ಏನಾದ್ರೂ ಮಾತಾಡಿ ತಾಯಿ...

ಆಯ್ತು, ಆವತ್ತೇ ಸಾಹೇಬರು ಕೇಳಿದ್ರು. ಇಬ್ಬರು ಹೇಳಿದ್ದೂ ಒಂದೇ ಉತ್ತರ ಅಲ್ವೇನ್ರೀ ಅಂತ ಕೇಳಿದ್ರು. ಈ ವರ್ಷ ನನ್ನ ಬಡ್ತಿ ಅವರ ಒಂದು ಮಾತಿನಲ್ಲಿದೆ, ನಾನೇನು ಹೇಳಬೇಕಿತ್ತು? ಆ ಹುಡುಗಿಗೆ ಬುದ್ಧಿ ಸ್ವಲ್ಪ ಮಂದ ಸಾರ್, ಬಾಯಿಗೆ ಬಂದದ್ದು ಅಂತಾಳೆ, ಒಮ್ಮೊಮ್ಮೆ ಕಾಕತಾಳೀಯವಾಗಿ ಸರಿ ಬೀಳುತ್ತೆ, ಅವಳ ಮೇಲೆ ನಾನೇ ಪ್ರತ್ಯೇಕ ಗಮನ ಇಟ್ಟಿದೀನಿ ಅಂದೆ. ಅವರಿಗೆ ಖುಷಿಯಾಗಿಹೋಯ್ತು. ಅಂಥ ಮಕ್ಕಳಿಗೆ ಹೇಗೆ ಕಲಿಸ್ತೀರಿ ಅಂತ ಬಂದು ನೋಡ್ತೀನಿ ಅಂದ್ರು. ಅದಕ್ಕೇ, ನಾಳೆ ಒಂದೇ ಒಂದು ಸಲ ಎದ್ದು ‘ನಾಲ್ಕನೇ ಒಂದು’ ಅಂದ್ಬಿಟ್ರೆ... ಬಾಯಿಪಾಠ ಇದೆ ಅವಳಿಗೆ, ಕಷ್ಟವೇನಿಲ್ಲ.

ಹಾಗೆ ನೋಡಬೇಡಿ. ಅವಳ ಎದುರೇ ಅಂದ್ರಾ ಅಂತ ತಾನೇ? ಕ್ಲಾಸು ಅಂದ್ಮೇಲೆ ಎಲ್ಲರ ಎದುರೇ ಅಲ್ವಾ. ನಾನು ಮಾತು ಮುಗಿಸಿ, ಅಭ್ಯಾಸಬಲ, ತಲೆಯಾಡಿಸಿಬಿಟ್ಟೆ. ನಾನು ತಲೆಯಾಡಿಸಿದ್ರೆ ಎಲ್ಲರೂ ಚಪ್ಪಾಳೆ ತಟ್ಟಬೇಕು ಅಂತ ಹೇಳಿಕೊಟ್ಟಿದ್ದೆ. ತಟ್ಟಿಬಿಟ್ಟವು.

ಅವಳಾ?

...ಅವಳೂ ತಟ್ಟಿದ್ಲು, ತಾಯಿ. ಹೇಳಿದ ಮಾತು ಮೀರೋ ಮಗು ಅಲ್ಲ ಅದು.