ಬಾವಿ ಮುಚ್ಚಿದ್ದ ಚಪ್ಪಡಿ

ತಿನ್ನೋದೆಲ್ಲ ತಿಂದು ಮುಗಿಸಿದ್ದೀರಿ ತಾನೆ? ಇಲ್ಲದಿದ್ರೆ ಈಗಲೇ ಎದ್ದು ಹೋಗಿ. ಇದನ್ನ ಕೇಳಿದ ಮೇಲೆ ತುತ್ತು ಇಳಿಯಲ್ಲ.

ನಮ್ಮ ಚಿಕ್ಕಪ್ಪನ ಮಗ, ನನಗೆ ಅಣ್ಣನಾಗಬೇಕು, ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ಅವನಿಗೊಂದು ಹಾಳು ಚಾಳಿ. ಹೆಬ್ಬೆರಳು ನೆಕ್ಕಿ, ಕೆತ್ತಿದ ಅಕ್ಷರದೊಳಗೆ ಉಜ್ಜುತ್ತಾನೆ. ಒದ್ದೆಯಾದರೆ ಅಂಚು ಎಲ್ಲಿ ಮುಕ್ಕಾಗಿದೆ ಅಂತ ಕಾಣುತ್ತೆ. ಮತ್ತೆ ಅದೇ ಬೆರಳು ಬಾಯಿಗೆ. ದಿನವಿಡೀ ಇದೇ. "ಒಂದು ಬಟ್ಟಲು ನೀರಿಟ್ಟುಕೊಳ್ಳೋಕೆ ಏನು ದಾಡಿ ನಿನಗೆ?" ಅಂದರೆ, "ಅಪ್ಪನೂ ಹೀಗೇ ಮಾಡ್ತಿದ್ದ" ಅಂತಾನೆ.

ಊರಾಚೆ ಒಂದು ದಿಬ್ಬ. ಹಡಗು ಹತ್ತಿ ಮೊದಮೊದಲು ಬಂದ ದೊರೆಗಳಲ್ಲಿ ಒಬ್ಬ ಅಲ್ಲಿ ಮನೆ ಕಟ್ಟಿದ್ದನಂತೆ. ಈಗ ಬರೀ ತಳಪಾಯ, ಒಂದು ಬತ್ತಿದ ಬಾವಿ. ಅಲ್ಲೊಂದು ಸ್ಮಾರಕ ಫಲಕ ನಿಲ್ಲಿಸಬೇಕು ಅಂತ ಊರಿನ ಇತಿಹಾಸ ಸಮಿತಿಯವರಿಗೆ ಹುಕಿ ಬಂತು. ಹೊಸ ಕಲ್ಲು ಬೇಡ, ಆ ಮನೆಯದೇ ಇರಲಿ ಅಂದರು. ಸಿಕ್ಕಿದ್ದು ಬಾವಿಯ ಬಾಯಿ ಮುಚ್ಚಿದ್ದ ಚಪ್ಪಡಿ. ಅದನ್ನೇ ಎಬ್ಬಿಸಿ, ಪಕ್ಕದಲ್ಲಿ ನಿಲ್ಲಿಸಿ, ನಾಲ್ಕು ಸಾಲು ಬರೆದುಕೊಟ್ಟರು. ಕೊನೆಯ ಸಾಲು ಕೇಳಿ: 'ಈ ಮನೆಯಲ್ಲಿ ಯಾರೂ ಹಸಿದು ಮಲಗಿದ್ದಿಲ್ಲ.' ಯಾವ ಬಾಯಲ್ಲಿ ಹೇಳಿದರೋ!

ಅಣ್ಣ ಅಲ್ಲೇ ಕೂತು ಕೆತ್ತಿದ. ಮೂರು ಸಾಲಿನವರೆಗೆ ಏನೂ ಇಲ್ಲ. ನಾಲ್ಕನೆಯದರಲ್ಲಿ ಬೆರಳು ಉಜ್ಜಿ ಬಾಯಿಗಿಟ್ಟ... ಜಿಡ್ಡು. ಹಳಸಿದ ಕೊಬ್ಬಿನ ಜಿಡ್ಡು, ಅಂಗುಳಕ್ಕೆ ಮೆತ್ತಿಕೊಂಡಿತು. ಉಗಿದ. ಉಗುಳಿನ ಜೊತೆ ಒಂದು ಕೂದಲು... ಎಳೆದ, ಎಳೆದ, ಎಳೆದಷ್ಟೂ ಬಂತು. ಥೂ! ಹೇಳೋಕೂ ಅಸಹ್ಯ. ಆದರೂ ಹಿಡಿದ ಕೆಲಸ ಬಿಡುವವನಲ್ಲ, ಮುಗಿಸಿಯೇ ಎದ್ದ.

ಅಷ್ಟರಲ್ಲಿ ಕತ್ತಲು. ದಾರಿ ಬಾವಿಯ ಪಕ್ಕದಲ್ಲೇ. ಒಳಗಿಂದ ಸದ್ದು. ಚಪ್... ಚಪ್... ಚಪ್. ಬಾಯಿ ತೆರೆದು ಅಗಿಯುವ ಸದ್ದು. ಇವನು ನಿಂತ. ಅದೂ ನಿಂತಿತು.

"ಊಟ ಆಯ್ತಾ?" ಹೆಂಗಸಿನ ಪಿಸುದನಿ.

ದಾರಿಯಲ್ಲಿ ಯಾರು ಕೇಳಿದರೂ ಅನ್ನುವ ಹಾಗೆ ಇವನ ಬಾಯಿಂದ ಬಂದೇಬಿಟ್ಟಿತು. "ಆಯ್ತು. ನಿಮ್ದು?"

"ಇನ್ನೂ ಇಲ್ಲ..."

ಅವತ್ತಿಂದ ಅವನಿಗೆ ಬಾಯಿಗೆ ಹಾಕಿದ್ದೆಲ್ಲ ಹಳಸಲು. ಬಿಸಿ ಗಂಜಿ ಕುಡಿದರೂ ವಾಂತಿ, ಬರೀ ನೀರು ಕುಡಿದರೂ ವಾಂತಿ. ಹನ್ನೊಂದು ದಿನ. ಕಣ್ಣು ಗುಳಿಬಿದ್ದು, ಮೂಳೆ ಚಕ್ಕಳವಾದ. ಡ್ರಿಪ್ ಏರಿಸಿ ಏರಿಸಿ ಡಾಕ್ಟರೂ ಕೈಚೆಲ್ಲಿದರು. ಅತ್ತಿಗೆಯ ಗೋಳು ನೋಡಲಾರದೆ ಅವಳ ಅಜ್ಜಿ ಬಾಯಿಬಿಟ್ಟಳು.

"ನಮ್ಮ ಕಡೆ ಹೆಂಗಸರು ಆ ಮನೇಲಿ ಪಾತ್ರೆ ತಿಕ್ತಿದ್ರು. ತಾನು ತಿಂದು ಮಿಕ್ಕಿದ್ದನ್ನ ದೊರೆ ಆಗಲೇ ಬತ್ತಿದ್ದ ಆ ಬಾವಿಗೆ ಸುರಿಸ್ತಿದ್ದ. ಆಳುಗಳು ಮುಟ್ಟಬಾರದು ಅಂತ. ಹಸಿವು ತಡೀಲಾರದೆ ಒಬ್ಬಳು ಇಳಿದಳು. ಸೊಂಟದವರೆಗೆ ಕೊಳೆತ ಎಂಜಲಲ್ಲಿ ನಿಂತು ತಿಂತಿದ್ಳಂತೆ... ಅವನು ಬಂದು ನೋಡಿದ. ಚಪ್ಪಡಿ ಎಳೆಸಿದ."

ಮಾರನೆಯ ಬೆಳಿಗ್ಗೆ ಅಣ್ಣ ಅತ್ತಿಗೆಯ ಹೆಗಲು ಹಿಡಿದು ದಿಬ್ಬಕ್ಕೆ ಹೋದ. ಕೊನೆ ಸಾಲಿಗೆ ಉಳಿ ಇಟ್ಟ. ಸಮಿತಿಯ ಕಾರ್ಯದರ್ಶಿ ಕಂಕುಳಲ್ಲಿ ಫೈಲಿಟ್ಟುಕೊಂಡೇ ಓಡಿಬಂದ. "ಯಾರಪ್ಪನ ಆಸ್ತಿ ಅಂತ ಕೆಡಿಸ್ತಿದೀಯ? ಫೈಲಲ್ಲಿ ಅಪ್ಪಣೆ ಇದೆಯಾ?" ಅಂತ ಆ ಸಾಲಿನ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ಫೈಲಿನ ಹಾಳೆ ತಿರುವೋಕೆ ಅದೇ ಬೆರಳು ನಾಲಿಗೆಗೆ...

ಮುಖ ಕಿವುಚಿಕೊಂಡ. ಬೇಲಿ ಹಿಡಿದು ಬಗ್ಗಿ, ತಿಂದದ್ದೆಲ್ಲ ಕಕ್ಕಿದ. "ತೆಗೆದು ಹಾಕಪ್ಪ... ಬೇಗ" ಅಂದ.

ಸಾಲು ಪೂರ್ತಿ ಹೋಯಿತು. ಅವತ್ತು ರಾತ್ರಿ ಅಣ್ಣ ಎರಡು ಬಟ್ಟಲು ಗಂಜಿ ಕುಡಿದ. ಹೊಟ್ಟೆಯಲ್ಲಿ ಉಳಿಯಿತು. ಅತ್ತಿಗೆ ಬಾಗಿಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ಕಲ್ಲು ಈಗಲೂ ಅಲ್ಲೇ ಇದೆ. ದೊರೆಯ ಹೊಗಳಿಕೆಯ ಮೂರು ಸಾಲು, ಕೆಳಗೊಂದು ಬೋಳು ಪಟ್ಟಿ. ವಾರಕ್ಕೊಮ್ಮೆ ಫಿನಾಯಿಲ್ ಹಾಕಿ ತೊಳೆಸ್ತಾರೆ. ಆದರೂ ಆ ಪಟ್ಟಿ ತುಂಬ ನೊಣ, ಕರ್ರಗೆ, ಒಂದಕ್ಕೊಂದು ಅಂಟಿಕೊಂಡು. ಮೇಲಿನ ಮೂರು ಸಾಲಿನ ಮೇಲೆ ಒಂದೂ ಕೂರಲ್ಲ. ನಂಬಿ, ಬಿಡಿ. ಮೊನ್ನೆ ನಾನೇ ಟವೆಲ್ ಬೀಸಿ ಓಡಿಸಿದೆ... ಎದ್ದವು, ಮತ್ತೆ ಅಲ್ಲೇ ಕೂತವು.