ಮಲ್ಲಿಗೆ ಹೊಲದ ಮೇಲೆ ಹಾರಿದ ಡ್ರೋನ್

ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಹರಪನಹಳ್ಳಿ ಬಸ್ಸಿಗೆ ಕಾಯುತ್ತಿದ್ದ ರಹಿಮತ್ ಬೀಗೆ, ಬೇಡವೆಂದರೂ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ತೊಡೆಯ ಮೇಲೆ ಮಲ್ಲಿಗೆ ಬುಟ್ಟಿ ಇಟ್ಟುಕೊಂಡಿದ್ದ ಪಂಪಮ್ಮ, ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುವ ಅಣ್ಣನ ಮಗಳು ಸುಕನ್ಯಾಳನ್ನು ಕೆಣಕುತ್ತಿದ್ದಳು.

"ನಮ್ಮ ಹೊಲದ ಮ್ಯಾಲೆ ಡ್ರೋನ್ ಹಾರಿಸಿದ್ರಲ್ಲ, ಹೂವಿನ ರೋಗ ಸಿಕ್ತೇನವ್ವಾ?"

"ಊರಾಗ ನಮ್ಮ ಸಾಹೇಬ್ರು ಹಂಗಂತ ಹೇಳಿದ್ರು ಅತ್ತಿ. ಖರೇ ಅಂದ್ರ, ಮ್ಯಾಲಿಂದ ಮನುಷ್ಯಾರನ್ನ ಗುರ್ತು ಹಿಡಿಯೋದನ್ನ ಕಂಪ್ಯೂಟರಿಗೆ ಕಲಿಸಾಕ."

"ಅದಕ್ಕs ಹೆಂಗಸ್ರನ್ನೆಲ್ಲ ಸಾಲಾಗಿ ನಡಿಸಿದ್ರಿ! ಹೊಸಾ ಸೀರಿ ಬ್ಯಾರೆ ಉಟ್ಟಿದ್ದೆ. ಯಾರು ನೋಡಾಕ?"

"ಸೈನ್ಯದೋರು. ಅದನ್ನ ಹೇಳಂಗಿಲ್ಲ, ಸಹಿ ಮಾಡೀನಿ."

"ನಮ್ಮ ಹೊಲ, ನಮ್ಮ ನಡಿಗಿ. ನಮ್ಮನ್ಯಾಗ ರೊಟ್ಟಿನೂ ತಿಂದ್ರಿ. ಹೇಳಾಕ ಮಾತ್ರ ನಾವು ಹೊರಗಿನೋರಾ?"

"ಮೆಲ್ಲಕ ಮಾತಾಡು, ನನ್ನ ಪಿಎಚ್‌ಡಿ ಹೋಗ್ತೈತಿ!"

"ಮೆಲ್ಲಕs ಕೇಳ್ತೀನಿ, ಬಿಡು. ಬುಟ್ಟಿ ಹೊತ್ತ ನಾನು ಆ ಕಂಪ್ಯೂಟರಿಗೆ ಏನಂತ ಕಾಣ್ತೀನಿ?"

"ಸಾಮಾನು ಹೊತ್ತ ಮನುಷ್ಯಾ ಅಂತ."

"ಏನು ಸಾಮಾನು ಅಂತ?"

"ಅದಿನ್ನೂ ಅದಕ್ಕ ತಿಳಿಯಂಗಿಲ್ಲ."

ಹೊಸಪೇಟೆ ಬಸ್ಸು ಬಂತು. ಪಂಪಮ್ಮ ನಗುತ್ತಲೇ ಎದ್ದು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡಳು.

"ಹಂಗಾದ್ರ ನಿಮ್ಮ ಸಾಹೇಬ್ರಿಗೆ ಹೇಳು, ಮೊದ್ಲು ಅದಕ್ಕ ವಾಸನಿ ಹಿಡಿಯೋದು ಕಲಿಸ್ರಿ ಅಂತ."

ಇಬ್ಬರೂ ಬಸ್ಸು ಹತ್ತಿ ಹೋದರು. ಬೆಂಚಿನ ಸುತ್ತ ಮಲ್ಲಿಗೆಯ ಘಮ ಇನ್ನೂ ಉಳಿದಿತ್ತು.

ಹರಪನಹಳ್ಳಿ ಬಸ್ಸೂ ಬಂತು. ಬಟ್ಟೆಯ ಗಂಟನ್ನು ತಲೆಯ ಮೇಲಿಡಲು ಎತ್ತಿದ ರಹಿಮತ್ ಬೀ, ಒಮ್ಮೆ ಆಕಾಶದ ಕಡೆ ನೋಡಿ, ಅದನ್ನು ಕಂಕುಳಲ್ಲೇ ಅವುಚಿಕೊಂಡು ನಡೆದಳು.